ಮಕ್ಕಳ ಪೆಟ್ ಸ್ಕ್ಯಾನ್: ಯಾವ ಸೆಂಟರ್‌ಗೆ ಅಂಕ ಕೊಡಬೇಕು?

ಪೆಟ್ ಸ್ಕ್ಯಾನ್ ಸಿಟಿ ಜೊತೆಗೋ (ಪೆಟ್-ಸಿಟಿ) ಎಂಆರ್‌ಐ ಜೊತೆಗೋ (ಪೆಟ್-ಎಂಆರ್‌ಐ) ಅನ್ನೋದು ಆಮೇಲಿನ ಮಾತು. ಇಂಜೆಕ್ಷನ್ ಕೊಟ್ಟು ಸ್ಕ್ಯಾನ್‌ಗೆ ಮಲಗಿಸುವವರೆಗಿನ ಒಂದು ಗಂಟೆಯಲ್ಲಿ ಮಗುವನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನೋದಕ್ಕೇ ನಮ್ಮ ಹೆಚ್ಚಿನ ಅಂಕ.

ಆ ಇಂಜೆಕ್ಷನ್‌ನಲ್ಲಿ ಇರುವುದು ಎಫ್‌ಡಿಜಿ, ಅಂದರೆ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ ಒಂದು ಬಗೆಯ ಸಕ್ಕರೆ. ಅದು ಸೇರಿದ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಕ್ಯಾನ್ಸರ್ ಗಡ್ಡೆ ಅದನ್ನು ಹೀರುತ್ತದೆ, ಸೋಂಕಿನ ಜಾಗದಲ್ಲಿ ಸೇರಿದ ಬಿಳಿರಕ್ತಕಣಗಳೂ ಹೀರುತ್ತವೆ. ಕಾರಣ ಸಿಗದ ಜ್ವರಕ್ಕೂ ಇದೇ ಸ್ಕ್ಯಾನ್ ಬರೆಯೋದು ಅದಕ್ಕೇ. ತೊಂದರೆ ಏನಂದರೆ, ಎಸಿ ಚಳಿಗೆ ಮಗುವಿನ ಕುತ್ತಿಗೆ, ಭುಜದಲ್ಲಿ ಮೈ ಬೆಚ್ಚಗಿಡುವ ಕಂದು ಕೊಬ್ಬೂ ಹೊಳೆದು ಅಲ್ಲಿನ ಗ್ರಂಥಿಗಳನ್ನು ಮುಚ್ಚಿಬಿಡುತ್ತದೆ. ಜೋರಾಗಿ ಅತ್ತರೆ ವಪೆಯೂ (ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಧ್ವನಿಪೆಟ್ಟಿಗೆಯೂ ಹೊಳೆಯುತ್ತವೆ. ಒಳ್ಳೆಯ ಸೆಂಟರ್‌ನವರು ಮರಗಟ್ಟಿಸುವ ಕ್ರೀಮ್ ಹಚ್ಚಿ, ಒಂದು ಗಂಟೆ ಬಿಟ್ಟು ಸೂಜಿ ಹಾಕುತ್ತಾರೆ. ಇಂಜೆಕ್ಷನ್‌ಗೆ ಅರ್ಧ ಗಂಟೆ ಮುಂಚೆಯೇ ಕಂಬಳಿ ಹೊದಿಸಿ, ಕೋಣೆಯನ್ನು 24 ಡಿಗ್ರಿ ಆಸುಪಾಸಿನಲ್ಲಿ ಇಡುತ್ತಾರೆ.

ರಕ್ತದ ಸಕ್ಕರೆ ಎಫ್‌ಡಿಜಿಗೆ ಪೈಪೋಟಿ ಕೊಡುತ್ತದೆ, ಹಾಗಾಗಿ ಹೊಟ್ಟೆ 4ರಿಂದ 6 ಗಂಟೆ ಖಾಲಿ ಇರಬೇಕು. ವಾರ್ಡಿನಿಂದ ಬಂದ ಮಗುವಿಗೆ ಗ್ಲೂಕೋಸ್ ಡ್ರಿಪ್ ಹಾಗೇ ಓಡುತ್ತಿರುತ್ತದೆ, ಯಾರೂ ಗಮನಿಸಿರುವುದಿಲ್ಲ. ಆ ದಿನದ ಸ್ಕ್ಯಾನ್ ಕೆಡೋದು ಇಲ್ಲೇ. ಬಿಳಿರಕ್ತಕಣ ಏರಿಸುವ ಜಿ-ಸಿಎಸ್‌ಎಫ್ ಇಂಜೆಕ್ಷನ್ ಇತ್ತೀಚೆಗೆ ಆಗಿದ್ದರೆ ಬೆನ್ನುಮೂಳೆಯ ಮಜ್ಜೆ ಪೂರ್ತಿ ಬೆಳಗುತ್ತದೆ. ತಾರೀಖು ಕೇಳದೆ ಅಪಾಯಿಂಟ್‌ಮೆಂಟ್ ಕೊಡುವ ಕಡೆ ಅಂಕ ಕಡಿಮೆ.

ಇಂಜೆಕ್ಷನ್ ಡೋಸ್ ತೂಕದ ಲೆಕ್ಕ: ಕೆಜಿಗೆ 0.10ರಿಂದ 0.14 ಮಿಲಿಕ್ಯೂರಿ (ವಿಕಿರಣದ ಅಳತೆ). 20 ಕೆಜಿ ಮಗುವಿಗೆ 2ರಿಂದ 2.8 ಸಾಕು. ಅವತ್ತೇ ತೂಕ ನೋಡಿದರಾ, ಗಮನಿಸಿ. ಈಚೆಗೆ ಪೂರ್ಣ ಸಿಟಿ ಆಗಿದ್ದರೆ, ಈ ಬಾರಿ ಪೆಟ್ ಜೊತೆಗಿನ ಸಿಟಿ ಕಡಿಮೆ ಡೋಸಿನಲ್ಲಿ ಆಗಬಹುದೇ ಎಂದು ಕೇಳಲು ಸಂಕೋಚ ಬೇಡ.

ಇನ್ನು ಪೆಟ್-ಎಂಆರ್‌ಐ. ಇದರಲ್ಲಿ ಸಿಟಿಯ ವಿಕಿರಣ ಪೂರ್ತಿ ತಪ್ಪುತ್ತದೆ, ಇಂಜೆಕ್ಷನ್‌ನದು ತಪ್ಪುವುದಿಲ್ಲ. ಲಿಂಫೋಮಾದಂತೆ (ದುಗ್ಧಗ್ರಂಥಿಗಳ ಕ್ಯಾನ್ಸರ್) ಮತ್ತೆ ಮತ್ತೆ ಸ್ಕ್ಯಾನ್ ಬೇಕಾದ ಮಕ್ಕಳಿಗೆ ಈ ಉಳಿತಾಯ ದೊಡ್ಡದೇ. ಆದರೆ ಪೆಟ್-ಸಿಟಿ 20 ನಿಮಿಷದ ಆಸುಪಾಸಿನಲ್ಲಿ ಮುಗಿದರೆ ಇದಕ್ಕೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಚಿಕ್ಕ ಮಕ್ಕಳಿಗೆ ಬಹುಪಾಲು ಅರಿವಳಿಕೆ ಬೇಕಾಗುತ್ತದೆ. ಪುಪ್ಪುಸದ ಸಣ್ಣ ಗಂಟುಗಳು ಎಂಆರ್‌ಐನಲ್ಲಿ ತಪ್ಪಿಹೋಗುತ್ತವೆ. ಹಾಗಾಗಿ ಆಸ್ಟಿಯೋಸಾರ್ಕೋಮಾ, ಯೂಯಿಂಗ್‌ನಂಥ ಮೂಳೆಯ ಗಡ್ಡೆ ಇರುವವರಿಗೆ ಎದೆಯ ಸಿಟಿ ಹೇಗೂ ತಪ್ಪದು. ಎಲ್ಲರಿಗೂ ಇದೇ ಉತ್ತಮ ಅನ್ನುವ ಜಾಹೀರಾತನ್ನು ನಾವಂತೂ ಒಪ್ಪುವುದಿಲ್ಲ.

ಲಿಂಫೋಮಾದ ರಿಪೋರ್ಟಿನಲ್ಲಿ ಗಡ್ಡೆಯ ಹೊಳಪಿಗೆ ಕೊಡುವ 1ರಿಂದ 5ರವರೆಗಿನ ಡೋವಿಲ್ ಅಂಕ ಇರಲೇಬೇಕು; ‘ಸುಧಾರಣೆ ಇದೆ’ ಎಂಬ ಒಂದು ಸಾಲಿನಿಂದ ಡಾಕ್ಟರಿಗೆ ಕೆಲಸವಾಗದು. ಚಿತ್ರಗಳ ಸಿಡಿಯನ್ನೂ ಕೇಳಿ ಪಡೆಯಿರಿ. ಮುಂದಿನ ಸ್ಕ್ಯಾನ್ ಸಾಧ್ಯವಾದಷ್ಟು ಅದೇ ಮೆಷಿನ್‌ನಲ್ಲಿ ಮಾಡಿಸಿ. ಮೆಷಿನ್ ಬದಲಾದರೆ ಎಷ್ಟು ಹೀರಿದೆ ಎಂದು ಹೇಳುವ ಎಸ್‌ಯುವಿ ಅಂಕಿಗಳನ್ನು ಹೋಲಿಸುವುದು ಕಷ್ಟ.