ಪೆಟ್ರೋಲ್ ಸಿಗದ ವಾರದಲ್ಲಿ ನಮ್ಮ ಏರಿಯಾದ ಸಣ್ಣ ಬಂಕ್

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ, ಹೆಮೆಲ್ ಹೆಂಪ್‌ಸ್ಟೆಡ್‌ನಿಂದ ಸ್ವಲ್ಪ ಆಚೆ ಇರುವ ಒಂದು ಸಣ್ಣ ಪೆಟ್ರೋಲ್ ಬಂಕ್ ಬಗ್ಗೆ ಬರೆಯುತ್ತಿದ್ದೇನೆ. ನಾಲ್ಕು ಪಂಪು, ಒಂದು ಅಂಗಡಿ, ಹಿಂದುಗಡೆ ಕಾರು ತೊಳೆಯುವ ಜಾಗ. ನಡೆಸುವವರು ಜಾಫ್ನಾ ಕಡೆಯಿಂದ ಬಂದ ಗಂಡ ಹೆಂಡತಿ. ಈ ಸುತ್ತಮುತ್ತ ಇರುವ ಕನ್ನಡದವರಿಗೆ ನೇರವಾಗಿ ಹೇಳುತ್ತೇನೆ: ದೊಡ್ಡ ಸೂಪರ್‌ಮಾರ್ಕೆಟ್ ಬಂಕಿಗಿಂತ ಲೀಟರಿಗೆ ಎರಡು ಪೆನ್ಸ್ ಜಾಸ್ತಿಯಾದರೂ ಇಲ್ಲಿಗೇ ಹೋಗಿ. ಬಂಕ್ ಎಂಥದ್ದು ಅಂತ ಎಲ್ಲ ಸಿಗುವ ದಿನ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗಿದ್ದು 2021ರ ಸೆಪ್ಟೆಂಬರ್ ಕೊನೆಯಲ್ಲಿ.

ನಾನು ಕಮ್ಯುನಿಟಿ ನರ್ಸ್. ಬ್ಯಾಗು ಹಿಡಿದು ಮನೆಮನೆಗೆ ಹೋಗುವ ಕೆಲಸ. ಬೆಳಗ್ಗೆ ತಿಂಡಿಗೆ ಮುಂಚೆ ಇನ್ಸುಲಿನ್ ಚುಚ್ಚಬೇಕಾದ ವಯಸ್ಸಾದವರಿರುತ್ತಾರೆ, ಅವರಿಗೆ ಕೈ ನಡುಗುತ್ತೆ, ಕಣ್ಣು ಕಾಣಿಸಲ್ಲ. ಕೊನೆಯ ದಿನಗಳನ್ನು ತಮ್ಮ ಮಂಚದಲ್ಲೇ ಕಳೆಯಬೇಕೆಂದು ಬಯಸಿದ ಕ್ಯಾನ್ಸರ್ ರೋಗಿಗಳಿರುತ್ತಾರೆ. ಅವರ ನೋವಿನ ಔಷಧಿ ಸಿರಿಂಜ್ ಡ್ರೈವರ್ ಅನ್ನುವ ಸಣ್ಣ ಯಂತ್ರದಲ್ಲಿ ಹನಿಹನಿಯಾಗಿ ಹೋಗುತ್ತಿರುತ್ತೆ, ಅದನ್ನು 24 ಗಂಟೆಗೊಮ್ಮೆ ತುಂಬಬೇಕು. ಇಲ್ಲಿನ ಹಳ್ಳಿ ರಸ್ತೆಗಳಲ್ಲಿ ಬಸ್ಸು ನಂಬಿಕೊಂಡು ಮಾಡುವ ಕೆಲಸವಲ್ಲ ಇದು. ಕಾರಿಲ್ಲದಿದ್ದರೆ ನನ್ನಿಂದ ಯಾರಿಗೂ ಉಪಯೋಗವಿಲ್ಲ.

ಸೆಪ್ಟೆಂಬರ್ 23, ಗುರುವಾರ ಸಂಜೆ ಸುದ್ದಿ ಹೊರಬಿತ್ತು. ಟ್ಯಾಂಕರ್ ಓಡಿಸುವವರು ಸಾಲದೆ ಬಿಪಿ ಕಂಪನಿ ಕೆಲವು ಬಂಕ್‌ಗಳಿಗೆ ಸರಬರಾಜು ಕಡಿಮೆ ಮಾಡಬೇಕಾಗುತ್ತೆ ಅಂತ ಸರ್ಕಾರಕ್ಕೆ ಹೇಳಿದೆ ಎಂಬ ಸುದ್ದಿ. ದೇಶದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಬಂಕ್ ಇವೆ, ಆ ಹೊತ್ತಿಗೆ ಮುಚ್ಚಿದ್ದು ಬೆರಳೆಣಿಕೆಯಷ್ಟು. ಸಾರಿಗೆ ಮಂತ್ರಿ ಗ್ರಾಂಟ್ ಶಾಪ್ಸ್ ಟಿವಿಯಲ್ಲಿ ಬಂದು ಎಂದಿನಂತೆ ಇರಿ ಅಂದರು. ಮಂತ್ರಿ ಬಂದು ಗಾಬರಿಯಾಗಬೇಡಿ ಅಂದರೆ ಜನ ಏನು ಮಾಡುತ್ತಾರೋ ಅದನ್ನೇ ಇಲ್ಲಿನ ಜನವೂ ಮಾಡಿದರು. ಶುಕ್ರವಾರ ಬೆಳಗಾಗುವಷ್ಟರಲ್ಲಿ ಅರ್ಧ ಟ್ಯಾಂಕ್ ಇದ್ದವರೂ ಸಾಲಿನಲ್ಲಿದ್ದರು. ಭಾನುವಾರದ ಹೊತ್ತಿಗೆ, ತಮ್ಮ ಸದಸ್ಯರಲ್ಲಿ ಕೆಲವು ಕಡೆ ಅರ್ಧದಿಂದ ಶೇ 90ರಷ್ಟು ಬಂಕ್ ಬರಿದಾಗಿವೆ ಅಂತ ಪೆಟ್ರೋಲ್ ರೀಟೇಲರ್ಸ್ ಅಸೋಸಿಯೇಷನ್ ಹೇಳಿತು.

ನನಗೆ ಎಲ್ಲಕ್ಕಿಂತ ಸಂಕಟವಾಗಿದ್ದು ಒಂದು ವಿಷಯಕ್ಕೆ. ಈ ಬಂಕ್‌ನಿಂದ ಬಹಳ ದೂರವಲ್ಲ, ಹೆಮೆಲ್ ಹೆಂಪ್‌ಸ್ಟೆಡ್ ಅಂಚಿನಲ್ಲೇ ಬನ್ಸ್‌ಫೀಲ್ಡ್ ತೈಲ ಡಿಪೋ ಇದೆ. 2005ರ ಡಿಸೆಂಬರ್‌ನಲ್ಲಿ ಭಾರಿ ಸ್ಫೋಟವಾಗಿ ದಿನಗಟ್ಟಲೆ ಉರಿದಿತ್ತಲ್ಲ, ಅದೇ. ಅಂದರೆ ನಾವು ಇರುವುದು ತೈಲದ ಮಗ್ಗುಲಲ್ಲೇ. ರಿಫೈನರಿಯಲ್ಲಿ ತೈಲ ಇತ್ತು, ಡಿಪೋದಲ್ಲಿ ತೈಲ ಇತ್ತು. ಅಲ್ಲಿಂದ ಇಲ್ಲಿಗೆ ತರುವ ಕೈ ಇರಲಿಲ್ಲ.

ಶನಿವಾರ ಮೊದಲು ಹೋಗಿದ್ದು ಹೆದ್ದಾರಿ ಪಕ್ಕದ ಒಂದು ದೊಡ್ಡ ಬಂಕಿಗೆ. ಹೆಸರು ಬೇಡ. ಎರಡೂ ಕಡೆಯಿಂದ ಕಾರು ನುಗ್ಗುತ್ತಿದ್ದವು, ರೌಂಡಬೌಟ್ ತನಕ ಸಾಲು, ನಡುವೆ ಸಿಕ್ಕಿಕೊಂಡ ಒಂದು ಆಂಬುಲೆನ್ಸ್ ಹಾರ್ನ್ ಹೊಡೆಯುತ್ತಾ ನಿಂತಿತ್ತು. ಒಬ್ಬಾತ ಕಾರು ತುಂಬಿಸಿಕೊಂಡ ಮೇಲೆ ಡಿಕ್ಕಿಯಿಂದ ಒಂದಾದ ಮೇಲೊಂದು ಕ್ಯಾನ್ ತೆಗೆದು ತುಂಬಿಸತೊಡಗಿದ. ಇಲ್ಲಿನ ನಿಯಮದ ಪ್ರಕಾರ ಪ್ಲಾಸ್ಟಿಕ್ ಕ್ಯಾನ್ ಆದರೆ 10 ಲೀಟರ್, ಲೋಹದ್ದಾದರೆ 20 ಲೀಟರ್ ಮೀರುವಂತಿಲ್ಲ, ಮನೆಯಲ್ಲಿ ಒಟ್ಟು 30 ಲೀಟರಿಗಿಂತ ಹೆಚ್ಚು ಇಡಬೇಕಾದರೆ ಅಧಿಕಾರಿಗಳಿಗೆ ತಿಳಿಸಬೇಕು. ಆತನನ್ನು ತಡೆಯಲು ಒಬ್ಬ ಸಿಬ್ಬಂದಿಯೂ ಹೊರಗೆ ಬರಲಿಲ್ಲ. ನನ್ನ ಸರದಿ ಬರುವ ಮುಂಚೆಯೇ ಪಂಪಿನ ಬಾಯಿಗೆ ಹಳದಿ ಚೀಲ ಕಟ್ಟಿದರು, ಅಂದರೆ ಮುಗಿಯಿತು ಅಂತ.

ಅಲ್ಲಿಂದ ನಮ್ಮ ಸಣ್ಣ ಬಂಕಿಗೆ ಬಂದೆ. ಸಾಲು ಇಲ್ಲೂ ಇತ್ತು, ಆದರೆ ಒಂದು ಶಿಸ್ತಿನಲ್ಲಿತ್ತು. ಒಂದು ಗೇಟಿಗೆ ಕೋನ್ ಇಟ್ಟು ಮುಚ್ಚಿದ್ದರು, ಒಳಗೆ ಬರಲು ಒಂದೇ ದಾರಿ. ಹಳದಿ ಜಾಕೆಟ್ ಹಾಕಿಕೊಂಡು ಮಾಲೀಕರ ಹೆಂಡತಿ ಆ ದಾರಿಯಲ್ಲೇ ನಿಂತು ಪ್ರತಿ ಕಾರಿನ ಕಿಟಕಿಗೆ ಬಗ್ಗಿ ಎರಡೇ ಮಾತು ಹೇಳುತ್ತಿದ್ದರು: ಇಪ್ಪತ್ತು ಪೌಂಡ್ ಮಿತಿ, ಕ್ಯಾನ್ ಇಲ್ಲ. ಬೋರ್ಡಿನಲ್ಲಿ ಮಾರ್ಕರ್‌ನಿಂದ ದಪ್ಪಕ್ಷರದಲ್ಲಿ ಬರೆದಿತ್ತು: ಪೆಟ್ರೋಲ್ ಸ್ವಲ್ಪ ಇದೆ, ಡೀಸೆಲ್ ಮುಗಿದಿದೆ, ಮುಂದಿನ ಟ್ಯಾಂಕರ್ ಯಾವಾಗ ಬರುತ್ತದೋ ನಮಗೂ ಗೊತ್ತಿಲ್ಲ. ಆ ಬೋರ್ಡ್ ನೋಡಿ ಡೀಸೆಲ್ ಕಾರಿನವರು ಸಾಲಿಗೆ ಸೇರದೆ ಮುಂದೆ ಹೋದರು. ಇಷ್ಟು ಮಾಡಿದ್ದರೆ ಬೇರೆ ಬಂಕ್‌ಗಳ ಅರ್ಧ ಸಾಲು ಕರಗುತ್ತಿತ್ತು.

ನನ್ನ ಕೊರಳಲ್ಲಿದ್ದ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಕಾರ್ಡ್ ನೋಡಿ ಆಕೆ ಕೇಳಿದ್ದು, 'ನಿಮಗೆ ದಿನಕ್ಕೆ ಎಷ್ಟು ಬೇಕು?' ಎಂದು. ಆ ವಾರ ಯಾರೂ ಕೇಳದ ಪ್ರಶ್ನೆ ಅದು. ಸೋಮವಾರದಿಂದ ಬೆಳಗ್ಗೆ ಆರರಿಂದ ಏಳರವರೆಗೆ ನರ್ಸ್‌ಗಳಿಗೆ, ಮನೆಗೆ ಹೋಗಿ ಆರೈಕೆ ಮಾಡುವ ಕೇರರ್‌ಗಳಿಗೆ ಮಾತ್ರ ತೆರೆಯುತ್ತೇವೆ, ಮಿತಿ ಇಲ್ಲ, ನಿಮ್ಮ ಜೊತೆಯವರಿಗೆ ಹೇಳಿ ಅಂದರು. ಅಷ್ಟರಲ್ಲಿ ಆರೋಗ್ಯ ಸಿಬ್ಬಂದಿಗೆ ಆದ್ಯತೆ ಕೊಡಿ ಅಂತ ವೈದ್ಯರ ಸಂಘವಾದ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಕೇಳುತ್ತಿತ್ತು, ಸರ್ಕಾರದಿಂದ ಅಂಥ ಆದೇಶವೇನೂ ಬರಲಿಲ್ಲ. ಇವರು ಆದೇಶಕ್ಕೆ ಕಾಯಲಿಲ್ಲ. ನಮ್ಮ ಟೀಮಿನಲ್ಲಿ ಒಬ್ಬ ರೋಗಿಯ ಭೇಟಿಯೂ ಪೆಟ್ರೋಲ್ ಇಲ್ಲ ಅಂತ ತಪ್ಪಲಿಲ್ಲ. ಅದಕ್ಕೆ ಕಾರಣ ಈ ಬಂಕ್.

ಎಲ್ಲರಿಗೂ ಒಂದೇ ಮಿತಿ ಅನ್ನುವುದು ಕೇಳಲು ನ್ಯಾಯವಾಗಿ ಕಾಣುತ್ತೆ. ಇಜಿ ಗ್ರೂಪ್‌ನವರು ತಮ್ಮ ನಾನೂರರಷ್ಟು ಬಂಕ್‌ಗಳಲ್ಲಿ 30 ಪೌಂಡ್ ಮಿತಿ ಹಾಕಿದ್ದರು, ತುರ್ತು ಸೇವೆಯವರನ್ನೂ ಲಾರಿ ಚಾಲಕರನ್ನೂ ಬಿಟ್ಟು. ಆ 'ಬಿಟ್ಟು' ಅನ್ನುವುದು ಮುಖ್ಯ. ವಾರಕ್ಕೊಮ್ಮೆ ಸಾಮಾನು ತರಲು ಕಾರು ತೆಗೆಯುವವರಿಗೂ, ದಿನವಿಡೀ ಹದಿನೈದು ಮನೆ ಸುತ್ತುವ ಕೇರರ್‌ಗೂ 20 ಪೌಂಡ್ ಒಂದೇ ಅಲ್ಲ. ಆ ಕೇರರ್ ಕೈಗೆ ಸಿಗುವುದು ಕನಿಷ್ಠ ಕೂಲಿಗಿಂತ ಸ್ವಲ್ಪ ಮೇಲೆ, ಎಷ್ಟೋ ಕಡೆ ಸಾಲಿನಲ್ಲಿ ನಿಂತ ಗಂಟೆಗೆ ಸಂಬಳವಿಲ್ಲ.

ಬೆಲೆ: ಲೀಟರಿಗೆ 137.9 ಪೆನ್ಸ್ ಇತ್ತು. ದೇಶದ ಸರಾಸರಿ ಆಗ 136ರ ಮೇಲಿತ್ತು, 2013ರಿಂದ ಈಚೆಗೆ ಅಷ್ಟು ಏರಿರಲಿಲ್ಲ. ಗಲಾಟೆಯ ಎಲ್ಲ ದಿನವೂ ಇವರು ಆ ಅಂಕಿ ಬದಲಿಸಲಿಲ್ಲ. 

ಒಂದು ಬೆಳಗ್ಗೆ ನಾನಿದ್ದಾಗಲೇ ಟ್ಯಾಂಕರ್ ಬಂತು. ಇಳಿಸುವ ತನಕ ಬಂಕ್ ಮುಚ್ಚುತ್ತಾರೆ, ಹಾಗಾಗಿ ನಿಂತು ನೋಡಿದೆ. ಚಾಲಕ ಅರವತ್ತರ ಹತ್ತಿರದವರು. ಸುತ್ತ ಕೋನ್ ಇಟ್ಟು, ಒಳಗಿನ ಗೇಜ್ ಪರದೆಯಲ್ಲಿ ನೆಲದಡಿಯ ಟ್ಯಾಂಕಿನಲ್ಲಿ ಎಷ್ಟು ಜಾಗವಿದೆ ಅಂತ ಮಾಲೀಕರ ಜೊತೆ ನಿಂತು ಓದಿ, ಇಬ್ಬರೂ ಸಹಿ ಹಾಕಿದರು. ಮೊದಲು ಆವಿ ವಾಪಸ್ ಎಳೆದುಕೊಳ್ಳುವ ಪೈಪ್ ಜೋಡಿಸಿ, ಆಮೇಲೆ ಪೆಟ್ರೋಲಿನ ದಪ್ಪ ಪೈಪ್. ಅದನ್ನು ಎತ್ತುವಾಗ ಅವರ ಮೊಣಕಾಲು ಬಾಗಿದ್ದು, ಸೊಂಟಕ್ಕೆ ಕೈ ಕೊಟ್ಟುಕೊಂಡಿದ್ದು ನರ್ಸ್ ಆದ ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಒಂದು ಖಾನೆ ಮುಗಿದ ಮೇಲೆ ಇನ್ನೊಂದು. ತಪ್ಪಿ ಡೀಸೆಲ್ ಟ್ಯಾಂಕಿಗೆ ಪೆಟ್ರೋಲ್ ಹೋದರೆ ನೂರಾರು ಕಾರು ಕೆಡುತ್ತವೆ, ಆದ್ದರಿಂದ ಮುಚ್ಚಳದ ಮೇಲಿನ ಗುರುತನ್ನು ಪ್ರತಿ ಸಲ ಬೆರಳಿಟ್ಟು ಓದುತ್ತಿದ್ದರು.

ಇಂಥ ದೊಡ್ಡ ಟ್ಯಾಂಕರ್ ಒಂದರಲ್ಲಿ ಸುಮಾರು 38,000 ಲೀಟರ್ ಹಿಡಿಯುತ್ತೆ. ಪೂರ್ತಿ ಪೆಟ್ರೋಲೇ ಅಂತ ಇಟ್ಟುಕೊಳ್ಳಿ. ಒಬ್ಬೊಬ್ಬರು 50 ಲೀಟರ್ ತುಂಬಿಸಿಕೊಂಡರೆ 760 ಕಾರಿಗೆ ಮುಗಿಯಿತು. ಇಪ್ಪತ್ತು ಪೌಂಡಿಗೆ ಬರುವುದು 14 ಲೀಟರ್ ಚಿಲ್ಲರೆ, ಆ ಲೆಕ್ಕದಲ್ಲಿ 2,600 ಕಾರು. ಮಿತಿ ಹಾಕಿದ ಬಂಕ್ ಎರಡು ದಿನ ನಡೆಯಿತು, ಹಾಕದ ಬಂಕ್ ಮಧ್ಯಾಹ್ನಕ್ಕೆ ಮುಚ್ಚಿತು ಅಂದರೆ ಕಾರಣ ಇಷ್ಟೇ.

ಪೈಪಿನಲ್ಲಿ ಪೆಟ್ರೋಲ್ ಹರಿಯುತ್ತಿದ್ದಾಗ ಮಾಲೀಕರು ಚಾಲಕರಿಗೆ ಚಹಾ ತಂದುಕೊಟ್ಟು, ಕೆಲಸ ಮುಗಿದ ಮೇಲೆ ಒಳಗಿನ ಟಾಯ್ಲೆಟ್ ಬಳಸಿಕೊಳ್ಳಿ ಅಂತ ಬೀಗದ ಕೈ ಕೊಟ್ಟರು. ಅದು ದೊಡ್ಡ ವಿಷಯವೇ ಅಂತ ಕೇಳಿದೆ. ದೊಡ್ಡ ವಿಷಯವೇ ಅಂದರು ಆ ಚಾಲಕ. ಸಾಮಾನು ಇಳಿಸಲು ಹೋದ ಎಷ್ಟೋ ಗೋದಾಮಿನಲ್ಲಿ ಲಾರಿಯವರಿಗೆ ಟಾಯ್ಲೆಟ್ ಇಲ್ಲ ಅನ್ನುತ್ತಾರಂತೆ. ರಾತ್ರಿ ನಿಲ್ಲಿಸಲು ಸುರಕ್ಷಿತ ಜಾಗವಿಲ್ಲದೆ ರಸ್ತೆ ಬದಿಯಲ್ಲೇ ಪರದೆ ಎಳೆದು ಮಲಗುವುದು, ಅಲ್ಲಿ ಸ್ನಾನವಿಲ್ಲ, ಬಿಸಿ ಊಟವಿಲ್ಲ. ಲೈಸೆನ್ಸ್ ತರಬೇತಿಗೆ ಸಾವಿರಾರು ಪೌಂಡ್ ಕೈಯಿಂದ ಹಾಕಬೇಕು. ಟ್ಯಾಂಕರ್ ಆದರೆ ಅದರ ಮೇಲೆ ಅಪಾಯಕಾರಿ ಸರಕಿನ ಎಡಿಆರ್ ಪರೀಕ್ಷೆ, ಐದು ವರ್ಷಕ್ಕೊಮ್ಮೆ ಮತ್ತೆ. ತಮ್ಮ ಜೊತೆಯವರೆಲ್ಲ ನಿವೃತ್ತಿಯ ಅಂಚಿನಲ್ಲಿದ್ದಾರೆ, ತಮ್ಮ ಮಗ ಈ ಕೆಲಸಕ್ಕೆ ಬರುವುದಿಲ್ಲ ಅಂದರು.

ದೇಶಕ್ಕೆ ಸುಮಾರು ಒಂದು ಲಕ್ಷ ಲಾರಿ ಚಾಲಕರ ಕೊರತೆಯಿದೆ ಅಂತ ಲಾರಿ ಸಾಗಣೆ ಕಂಪನಿಗಳ ಸಂಘವಾದ ರೋಡ್ ಹಾಲೇಜ್ ಅಸೋಸಿಯೇಷನ್ ಬೇಸಿಗೆಯಿಂದಲೇ ಎಚ್ಚರಿಸುತ್ತಿತ್ತು. ಕೊರೊನಾ ಕಾಲದಲ್ಲಿ ತಿಂಗಳುಗಟ್ಟಲೆ ಚಾಲನಾ ಪರೀಕ್ಷೆಗಳೇ ನಡೆದಿರಲಿಲ್ಲ. ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ನಂತರ ಪೋಲೆಂಡ್, ರೊಮೇನಿಯಾದ ಚಾಲಕರು ಊರಿಗೆ ಹೋದವರು ವಾಪಸ್ ಬರಲಿಲ್ಲ, 2021ರ ಜನವರಿಯಿಂದ ಸುಮ್ಮನೆ ಬಂದು ಕೆಲಸ ಮಾಡುವ ಹಕ್ಕೂ ಇರಲಿಲ್ಲ. ಏಪ್ರಿಲ್‌ನಲ್ಲಿ ತೆರಿಗೆ ನಿಯಮ ಬದಲಾಗಿ, ಸ್ವಂತ ಕಂಪನಿ ಹೆಸರಲ್ಲಿ ದುಡಿಯುತ್ತಿದ್ದ ಚಾಲಕರ ಕೈಗೆ ಬರುವ ಹಣ ಕಡಿಮೆಯಾಯಿತು. ಸರ್ಕಾರ ಜುಲೈನಲ್ಲೇ ದಿನದ ಚಾಲನಾ ಗಂಟೆಗಳ ಮಿತಿ ಸಡಿಲಿಸಿತ್ತು, ಅಂದರೆ ಇರುವ ದಣಿದವರನ್ನೇ ಇನ್ನಷ್ಟು ಹೊತ್ತು ಓಡಿಸಿ ಅಂತ.

ಆಮೇಲೆ 5,000 ಚಾಲಕರಿಗೆ ತಾತ್ಕಾಲಿಕ ವೀಸಾ ಘೋಷಿಸಿದರು, ಡಿಸೆಂಬರ್ 24ರವರೆಗೆ ಮಾತ್ರ. ಕ್ರಿಸ್‌ಮಸ್‌ಗೆ ನಮ್ಮ ಕೆಲಸ ಮಾಡಿಕೊಟ್ಟು ಹಬ್ಬದ ಹಿಂದಿನ ದಿನ ಹೊರಡಿ ಅಂದ ಹಾಗೆ. ನಾನೂ ಈ ದೇಶಕ್ಕೆ ಕೆಲಸದ ವೀಸಾ ಮೇಲೆ ಬಂದವಳು. ಮನೆ ಬಾಡಿಗೆ, ಮಕ್ಕಳ ಶಾಲೆ, ಊರಲ್ಲಿ ಬಿಟ್ಟುಬಂದ ಅಪ್ಪ ಅಮ್ಮ, ಇಷ್ಟನ್ನೂ ತೂಗಿ ನೋಡಿ ಮನುಷ್ಯ ದೇಶ ಬಿಡುತ್ತಾನೆ. ಮೂರು ತಿಂಗಳ ಚೀಟಿಗೆ ಯಾರು ಬರುತ್ತಾರೆ? ಅವಧಿಯನ್ನು ಆಮೇಲೆ ಫೆಬ್ರವರಿ, ಮಾರ್ಚ್ ತನಕ ವಿಸ್ತರಿಸಿದರು. ಆದರೂ ಅಕ್ಟೋಬರ್ ಮಧ್ಯದ ಹೊತ್ತಿಗೆ ವೀಸಾ ಸಿಕ್ಕಿದ ಚಾಲಕರು ಇಪ್ಪತ್ತು ಚಿಲ್ಲರೆ ಅಂತ ಆಗಿನ ಆಡಳಿತ ಪಕ್ಷದ ಸಹ-ಅಧ್ಯಕ್ಷರೇ ಹೇಳಿದರು. ಅಕ್ಟೋಬರ್ 4ರಿಂದ ಸೇನೆಯ ಸುಮಾರು 200 ಜನ ಕೆಲಸಕ್ಕಿಳಿದರು, ಅದರಲ್ಲಿ 100 ಮಂದಿ ಚಾಲಕರು. ಬನ್ಸ್‌ಫೀಲ್ಡ್ ಡಿಪೋಗೂ ಸಮವಸ್ತ್ರದವರು ಬಂದರು. ಉಳಿದ ಕಡೆ ಸರಿಹೋದ ಮೇಲೂ ಲಂಡನ್ ಮತ್ತು ನಮ್ಮ ಈ ಆಗ್ನೇಯ ಭಾಗದಲ್ಲಿ ಮಾತ್ರ ತೊಂದರೆ ಎಳೆದಾಡಿತು.

ಮತ್ತೆ ಬಂಕಿಗೆ ಬರುತ್ತೇನೆ. ಇಲ್ಲಿ ನಮ್ಮೂರಿನ ಹಾಗೆ ಹುಡುಗರು ಬಂದು ಹಾಕಿಕೊಡುವುದಿಲ್ಲ, ಪೈಪು ನಾವೇ ಹಿಡಿಯಬೇಕು. ಆದರೆ ಆ ದಿನಗಳಲ್ಲಿ ಮಾಲೀಕರು ವಯಸ್ಸಾದವರ ಕಾರಿಗೆ ತಾವೇ ಹಾಕಿ, ಕಾರ್ಡ್ ಯಂತ್ರವನ್ನು ಕಿಟಕಿಗೇ ತಂದು ಹಿಡಿಯುತ್ತಿದ್ದರು. ಅಂಗಡಿಯಲ್ಲಿ ಹಾಲು, ಬ್ರೆಡ್ಡಿನ ಜೊತೆಗೆ ಕರಿಬೇವು, ನುಗ್ಗೆಕಾಯಿ ಸಿಗುತ್ತೆ, ಕರಿಬೇವು ತಾಜಾ ಇರುತ್ತೆ.

ಕೊರತೆಗಳನ್ನೂ ಹೇಳಬೇಕು. ಬೆಳಗಿನ ಆ ವಿಶೇಷ ಗಂಟೆಯ ಬಗ್ಗೆ ಎಲ್ಲೂ ಬರೆದು ಹಾಕಿರಲಿಲ್ಲ, ಬಾಯಿಂದ ಬಾಯಿಗೆ ಹೋದ ಸುದ್ದಿ, ಹಾಗಾಗಿ ಪಕ್ಕದ ಏರಿಯಾದ ಕೇರರ್‌ಗಳಿಗೆ ತಡವಾಗಿ ಗೊತ್ತಾಯಿತು. ಗರಿಷ್ಠ ಮಿತಿಯ ಜೊತೆ ಕನಿಷ್ಠ ಮಿತಿಯೂ ಬೇಕಿತ್ತು, ಐದು ಪೌಂಡ್ ಹಾಕಿಸಿಕೊಳ್ಳಲು ಬಂದ, ಮುಕ್ಕಾಲು ತುಂಬಿದ ಕಾರುಗಳೇ ಸಾಲನ್ನು ಉದ್ದ ಮಾಡಿದ್ದು. ಇದನ್ನು ಮಾಲೀಕರಿಗೂ ಹೇಳಿದ್ದೇನೆ, ಮುಂದೆ ಇಂಥದ್ದು ಬಂದರೆ ಮಾಡುತ್ತೇವೆ ಅಂದಿದ್ದಾರೆ. ಡೀಸೆಲ್‌ಗೆ ಇರುವುದು ಎರಡೇ ಪಂಪು, ಸಂಜೆ ಹೊತ್ತು ಕಾಯಬೇಕಾಗುತ್ತೆ. ಟೈರಿಗೆ ಗಾಳಿ ಹಾಕುವ ಯಂತ್ರ ಕೆಟ್ಟು ಬಹಳ ಕಾಲವಾಗಿದೆ, ಅದಕ್ಕೆ ಬೇರೆ ಕಡೆ ಹೋಗಿ. ಬಂಕ್ ಬೆಳಗ್ಗೆ ಆರಕ್ಕೆ ತೆರೆಯುತ್ತೆ, ರಾತ್ರಿ ಹತ್ತಕ್ಕೆ ಮುಚ್ಚುತ್ತೆ, ಭಾನುವಾರ ಏಳಕ್ಕೆ ಶುರು.