ನಿದ್ದೆಗೆ ಯಾವುದು ಮೇಲು: ಕರೆಂಟ್ ಶಾಖವಾ, ಬಿಸಿನೀರಾ, ಮೈ ಸಡಿಲಿಸುವುದಾ?

ನಿದ್ದೆ ಹತ್ತದಿರುವುದು ಬೇರೆ, ಹತ್ತಿದ ನಿದ್ದೆ ನಡುವೆ ಒಡೆಯುವುದು ಬೇರೆ. ನನಗೆ ಎರಡೂ ಇದ್ದವು. ಇಡೀ ದಿನ ಹೊಲಿಗೆ ಮಷಿನ್ ಮುಂದೆ ಬಗ್ಗಿ ಕೂಡುವ ಕೆಲಸ, ಮದುವೆ ಸೀಸನ್‌ನಲ್ಲಂತೂ ರಾತ್ರಿ ತನಕ. ಕುತ್ತಿಗೆ, ಹೆಗಲು ಬಿಗಿದು ಮಗ್ಗಲು ಬದಲಿಸಿದರೆ ಸಾಕು, ಎಚ್ಚರ. ಗುಳಿಗೆ ನುಂಗುವ ಮೊದಲು ಇಲ್ಲೇ ಕಲಬುರಗಿಯಲ್ಲಿ ಆಗುವಂಥದ್ದನ್ನು ಒಂದೊಂದಾಗಿ ಮಾಡಿ ನೋಡಿದೆ.

ಮೊದಲು ಫಿಸಿಯೊಥೆರಪಿ. ಶಾಖ ಕೊಟ್ಟು, ಪ್ಯಾಡ್ ಅಂಟಿಸಿ ಕರೆಂಟ್ ಇಡುತ್ತಾರೆ. ಅವತ್ತು ರಾತ್ರಿ ಹಗುರ, ಮರುದಿನ ಮಷಿನ್ ಮುಂದೆ ಕೂತರೆ ನೋವು ಮತ್ತೆ ಹಾಜರ್. ಆದರೆ ಅಲ್ಲಿ ಕಲಿಸಿದ ವ್ಯಾಯಾಮ ಮಾತ್ರ ಬಂಗಾರ: ಗದ್ದವನ್ನು ನೇರ ಹಿಂದಕ್ಕೆ ಎಳೆದು ಹಿಡಿಯುವುದು, ಹೆಗಲ ಹಿಂದಿನ ಮೂಳೆಗಳನ್ನು ಹತ್ತಿರ ತರುವುದು, ಬಾಗಿಲ ಚೌಕಟ್ಟು ಹಿಡಿದು ಎದೆ ಚಾಚುವುದು. "ಅಕ್ಕಾರ, ಈ ಕರೆಂಟ್ ಮಷಿನ್ ನೋವು ಇಳಸ್ತದ, ಕುತ್ತಿಗಿಗೆ ಬಲ ನೀವೇ ತರಬೇಕ್ರಿ" ಅಂದಳು ಅಲ್ಲಿಯ ಹುಡುಗಿ. ನಿಜವೇ. ನಡುವೆ ಎಚ್ಚರವಾಗುವುದು ಕಡಿಮೆ ಆದದ್ದು ಇದರಿಂದಲೇ.

ಅತ್ತೆಯವರು ಕುಸುಬಿ ಎಣ್ಣೆ ಹಚ್ಚಿ ತಿಕ್ಕಿದರೂ ಬಹಳ ಹಿತ, ಆದರೆ ದಿನಾ ಅವರನ್ನು ಕಾಡಲಾಗದು ಅಲ್ವಾ.

ಬಿಸಿನೀರಿನ ಲೆಕ್ಕ ಬೇರೆ. ಮಲಗುವ ಒಂದೆರಡು ತಾಸು ಮೊದಲು ಸ್ನಾನ ಮಾಡಿದರೆ ಇಲ್ಲವೇ ಕಾಲನ್ನು ಬಕೆಟ್‌ನಲ್ಲಿ ಇಟ್ಟರೆ ಕೈಕಾಲಿಗೆ ರಕ್ತ ಹರಿದು ಒಳಗಿನ ಕಾವು ಹೊರಹೋಗುತ್ತದೆ, ಒಳಮೈ ತಣ್ಣಗಾದಂತೆ ನಿದ್ದೆ ಬರುತ್ತದೆ. 2019ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದವರು ಹಳೆಯ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ 40ರಿಂದ 42.5 ಡಿಗ್ರಿ ನೀರು ನಿದ್ದೆಯನ್ನು ಸರಾಸರಿ 10 ನಿಮಿಷ ಬೇಗ ತರುತ್ತದೆ ಅಂತ ಕಂಡಿತು. ಚಳಿಗಾಲದಲ್ಲಿ ನನಗೂ ಛಲೋ ಆಯಿತು. ನಮ್ಮ ಮೇ ತಿಂಗಳ ಸೆಕೆಯಲ್ಲಿ, ಕೂಲರ್ ಕೂಡ ಬಿಸಿ ಗಾಳಿ ಬಿಡುವಾಗ, ಏನೂ ಪ್ರಯೋಜನವಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಇದಕ್ಕೆ ಕೈಹಾಕಬೇಡಿ, ಸುಟ್ಟರೂ ಗೊತ್ತಾಗದು.

ನಿದ್ದೆ ಹತ್ತಿಸುವುದರಲ್ಲಿ ಗೆದ್ದದ್ದು ಸ್ನಾಯು ಸಡಿಲಿಸುವ ಅಭ್ಯಾಸ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಸುಮಾರು ನೂರು ವರ್ಷದ ಹಿಂದೆ ರೂಪಿಸಿದ್ದು. ಹಾಸಿಗೆಯಲ್ಲೇ ಪಾದದಿಂದ ಶುರು ಮಾಡಿ ಒಂದೊಂದೇ ಭಾಗವನ್ನು ಐದಾರು ಸೆಕೆಂಡ್ ಬಿಗಿ ಹಿಡಿದು, ಫಕ್ಕನೆ ಬಿಟ್ಟು, ಬಿಟ್ಟಾಗಿನ ಸಡಿಲವನ್ನು ಸ್ವಲ್ಪ ಹೊತ್ತು ಗಮನಿಸಬೇಕು. ಮೀನಖಂಡ ಜಾಸ್ತಿ ಬಿಗಿದರೆ ಸೆಳೆತ ಬರುತ್ತದೆ, ಮೆಲ್ಲಗೆ ಮಾಡಿ. ಮೊದಮೊದಲು ಏನೂ ಅನಿಸುವುದಿಲ್ಲ, ಬಿಡಬೇಡಿ. ಈಗ ನನಗೆ ಎಷ್ಟೋ ರಾತ್ರಿ ಹೊಟ್ಟೆಯ ತನಕ ಬರುವಷ್ಟರಲ್ಲಿ ನಿದ್ದೆ. ರೊಕ್ಕ ಬೇಡ, ಕರೆಂಟ್ ಹೋದರೂ ನಡೆಯುತ್ತದೆ.

ಹಾಗಾಗಿ ಸಂಜೆ ಕುತ್ತಿಗೆ ವ್ಯಾಯಾಮ, ಮಲಗಿದ ಮೇಲೆ ಇದು. ಗೊರಕೆ ಹೊಡೆಯುತ್ತಾ ಉಸಿರು ಕಟ್ಟಿ ಏಳುವವರಿಗೆ ಇವ್ಯಾವುವೂ ಸಾಲವು, ಡಾಕ್ಟರ್ ಬೇಕು. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆಗೆಟ್ಟವರೂ ತೋರಿಸಿಕೊಳ್ಳಿ.