ಗ್ರೂಪ್ ಪಾಲಿಸಿ ಮ್ಯಾನೇಜ್‌ಮೆಂಟ್ ಕನ್ಸೋಲ್: ನೀತಿ ಮರಳುತ್ತದೆ, ಕೊಂಡಿ ಮರಳುವುದಿಲ್ಲ

ವಿಂಡೋಸ್ ಸರ್ವರ್ ಜೊತೆಗೇ ಬರುವ ಈ ಕನ್ಸೋಲ್, ಅಳಿಸಿಹೋದ ನೀತಿಯನ್ನು (ಗ್ರೂಪ್ ಪಾಲಿಸಿ, ಅಂದರೆ ಸಂಸ್ಥೆಯ ಕಂಪ್ಯೂಟರುಗಳಿಗೂ ಬಳಕೆದಾರರಿಗೂ ಒಟ್ಟಾಗಿ ಅನ್ವಯಿಸುವ ಸೆಟ್ಟಿಂಗ್‌ಗಳ ಕಟ್ಟು) ಮರಳಿ ತರಲು ನಾನು ಮೊದಲು ಕೈಹಾಕುವ ಸಾಧನ. ಪ್ರತಿಯೊಂದು ನೀತಿಯ ಒಂದು ಭಾಗ ಬಳಕೆದಾರರು, ಕಂಪ್ಯೂಟರುಗಳ ದಾಖಲೆಯಾದ ಆಕ್ಟಿವ್ ಡೈರೆಕ್ಟರಿಯಲ್ಲೂ ಇನ್ನೊಂದು ಭಾಗ ಆ ಡೈರೆಕ್ಟರಿ ನಡೆಸುವ ಸರ್ವರ್‌ಗಳಲ್ಲಿರುವ ಸಿಸ್‌ವಾಲ್ ಫೋಲ್ಡರ್‌ನಲ್ಲೂ ಇರುವುದರಿಂದ, ಡೈರೆಕ್ಟರಿಯ ರಿಸೈಕಲ್ ಬಿನ್ ಒಂದನ್ನೇ ನಂಬಿದವರಿಗೆ ಹೆಸರು ಸಿಗುತ್ತದೆಯೇ ಹೊರತು ಸಿಸ್‌ವಾಲ್‌ನ ಕಡತಗಳು ಸಿಗುವುದಿಲ್ಲ. ಈ ಕನ್ಸೋಲಾದರೋ ಎರಡನ್ನೂ ಒಟ್ಟಿಗೆ ಉಳಿಸಿಟ್ಟು, ಹಳೆಯ ಗುರುತುಸಂಖ್ಯೆ ಮತ್ತು ಅನುಮತಿಗಳ ಸಮೇತ ಮರುಸ್ಥಾಪಿಸುತ್ತದೆ.

ದೊಡ್ಡ ಕೊರತೆ ಕೊಂಡಿಗಳದು. ನೀತಿಯನ್ನು ಯಾವ ಆರ್ಗನೈಸೇಷನಲ್ ಯೂನಿಟ್‌ಗೆ (ಡೈರೆಕ್ಟರಿಯೊಳಗಿನ ಗುಂಪು-ವಿಭಾಗ) ಜೋಡಿಸಲಾಗಿತ್ತು ಎಂಬ ಮಾಹಿತಿ ಆ ಯೂನಿಟ್‌ನಲ್ಲಿ ದಾಖಲಾಗಿರುತ್ತದೆ, ನೀತಿಯಲ್ಲಲ್ಲ. ಹಾಗಾಗಿ ಅಳಿಸಿದ ನೀತಿಯನ್ನು ಮರಳಿ ತಂದರೂ ಅದು ಯಾವ ಕಂಪ್ಯೂಟರಿಗೂ ಅನ್ವಯಿಸದೆ ಸುಮ್ಮನೆ ಕುಳಿತಿರುತ್ತದೆ. ಬ್ಯಾಕಪ್ ಜೊತೆಗಿನ ವರದಿಯಲ್ಲಿ ಹಳೆಯ ಕೊಂಡಿಗಳ ಪಟ್ಟಿಯೇನೋ ಇದೆ, ಜೋಡಿಸುವ ಕೆಲಸ ಮಾತ್ರ ನಮ್ಮದೇ. ನೀತಿ ಯಾವ ಬಗೆಯ ಕಂಪ್ಯೂಟರುಗಳಿಗೆ ಅನ್ವಯಿಸಬೇಕೆಂದು ಸೋಸುವ ಡಬ್ಲ್ಯುಎಂಐ ಫಿಲ್ಟರ್‌ಗಳೂ ಬ್ಯಾಕಪ್‌ನೊಳಗೆ ಸೇರುವುದಿಲ್ಲ.

ನಿಗದಿತ ವೇಳೆಗೆ ತಾನಾಗಿ ಬ್ಯಾಕಪ್ ತೆಗೆಯುವ ವ್ಯವಸ್ಥೆಯೂ ಇದರಲ್ಲಿಲ್ಲ. ವಿಂಡೋಸ್‌ನ ಆದೇಶ-ಸಾಧನವಾದ ಪವರ್‌ಶೆಲ್‌ನ ಬ್ಯಾಕಪ್-ಜಿಪಿಒ ಆದೇಶವನ್ನು, ನಿಗದಿತ ವೇಳೆಗೆ ಕೆಲಸ ನಡೆಸುವ ಟಾಸ್ಕ್ ಶೆಡ್ಯೂಲರ್‌ಗೆ ಒಪ್ಪಿಸಿದರೆ ಆ ಕೊರತೆ ನೀಗುತ್ತದೆ. ಹಾಗೆ ಮಾಡದೆ ಸಿಸ್ಟಂ ಸ್ಟೇಟ್ ಬ್ಯಾಕಪ್ (ಸರ್ವರ್‌ನ ಮುಖ್ಯ ವ್ಯವಸ್ಥಾ ಭಾಗಗಳ ಪ್ರತಿ) ಒಂದನ್ನೇ ಇಟ್ಟುಕೊಂಡವರು, ಒಂದೇ ಒಂದು ನೀತಿಗಾಗಿ ಸಾಮಾನ್ಯವಾಗಿ ಡೊಮೇನ್ ಕಂಟ್ರೋಲರನ್ನೇ (ಡೈರೆಕ್ಟರಿ ನಡೆಸುವ ಸರ್ವರ್) ಡೈರೆಕ್ಟರಿ ಸೇವೆ ನಿಲ್ಲಿಸಿ ದುರಸ್ತಿಗೆ ತೆರೆಯುವ ರಿಸ್ಟೋರ್ ಮೋಡ್‌ನಲ್ಲಿ ಬೂಟ್ ಮಾಡಬೇಕಾಗುತ್ತದೆ.